ಬಾಣಲೆಗೆ ಸುರಿದ ಬುಟ್ಟಿ

ಇವತ್ತು ಲ್ಯಾಬಿನಲ್ಲಿ ನನ್ನ ವಿದ್ಯಾರ್ಥಿನಿಯ ಪ್ರೋಗ್ರಾಂ ಕಂಪ್ಯೂಟರನ್ನೇ ಉಸಿರುಗಟ್ಟಿಸಿತು. ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ, ಅಂದರೆ ಹೊರಗಿನಿಂದ, ಎಷ್ಟೆಂದು ಮೊದಲೇ ತಿಳಿಯದಂತೆ ಹರಿದು ಬರುವ ಸಾಲುಗಳನ್ನೆಲ್ಲ ಒಂದೇ ಸಲಕ್ಕೆ ಮೆಮೊರಿಗೆ ತುಂಬಲು ಹೊರಟಿದ್ದಳು. ಬೆಂದ ರೇಷ್ಮೆಗೂಡಿನ ವಾಸನೆ ಎಲ್ಲಿಂದಲೋ ನನ್ನ ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಸುಗಟೂರಿನ ನಮ್ಮ ಹಿತ್ತಿಲಿನಲ್ಲಿ ಅಜ್ಜಿ ಕುದಿಯುವ ಬಾಣಲೆಗೆ ಹಿಡಿ ಹಿಡಿಯಾಗಿ ಗೂಡು ಹಾಕಿ, ಎಳೆ ಹುಡುಕಿ ಚರಕಕ್ಕೆ ಕೊಡುತ್ತಿದ್ದಳು. ಚಿಕ್ಕಪ್ಪ ಒಳಗಿನಿಂದ ಬುಟ್ಟಿ ತರುತ್ತಲೇ ಇದ್ದ. ಅವತ್ತು ಗೂಡು ಮುಗಿದರೆ ಕೋಲಾರಕ್ಕೆ ಕರೆದೊಯ್ಯುವುದಾಗಿ ಅಜ್ಜಿ ಹೇಳಿದ್ದಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಇನ್ನೂ ಎಷ್ಟೈತೆ ಅಜ್ಜಿ?”

“ಮುಗಿದಾಗ ಗೊತ್ತಾಗ್ತದೆ, ಸುಮ್ನಿರೇ.”

ಅವಳು ಸೌದೆ ತರಲು ಎದ್ದಳು. ನಾನು ಇಡೀ ಬುಟ್ಟಿಯನ್ನು ಬಾಣಲೆಗೆ ಸುರಿದೆ. ಗೂಡುಗಳು ಅತಿಯಾಗಿ ಬೆಂದು, ಎಳೆಗಳೆಲ್ಲ ಸಿಕ್ಕು ಬಿದ್ದವು.

“ಎಲ್ಲಾ ಮುದ್ದೆ ಮಾಡ್ಬಿಟ್ಟೆಯಲ್ಲೇ!” ಎಂದಳು ಅಜ್ಜಿ, ಸೌದೆ ಕೆಳಗಿಟ್ಟು. ಬಿಳಿಚಿದ ಬೆರಳುಗಳನ್ನು ಬಿಸಿನೀರಿಗಿಳಿಸಿ, ಸಂಜೆಯವರೆಗೂ ಎಳೆಯ ತುದಿ ಹುಡುಕಿದಳು. ಕೋಲಾರದ ಬಸ್ಸು ಹಾರ್ನ್ ಹೊಡೆದು ಹೋಗಿದ್ದು ಇಬ್ಬರಿಗೂ ಕೇಳಿಸಿತು.

ಪ್ರೋಗ್ರಾಂನಿಂದ ಒಂದೊಂದೇ ಸಾಲು ಓದಿಸುವುದನ್ನು ಲ್ಯಾಬಿನ ಹುಡುಗಿಗೆ ತೋರಿಸಿದೆ. ಪ್ರೋಗ್ರಾಂ ಓಡತೊಡಗಿತು.

“ಇನ್ನೂ ಎಷ್ಟಿದೆ ಮೇಡಂ?”

“ಮುಗಿದಾಗ ಗೊತ್ತಾಗುತ್ತೆ ಕಣೇ,” ಎಂದೆ. ಮೇಜಿನ ಕೆಳಗೆ ನನ್ನ ಕಾಲು ಅವತ್ತಿನ ಹಾಗೇ ತಾಳಲಾರದೆ ಕುಣಿಯುತ್ತಲೇ ಇತ್ತು.