ಮುಚ್ಚಳದ ಮೇಲಿನ ಹೆಸರು

ಕೊಯ್ದ ಮೆಣಸನ್ನು ಬಿಸಿನೀರಿಗೆ ಅದ್ದಿ ಎತ್ತುವಾಗ ಏಳುವ ಹಬೆಗೆ ಒಂದು ಘಾಟು ವಾಸನೆ ಇರುತ್ತದೆ. ಹಾಗೆ ಅದ್ದಿ ಒಣಗಿಸಿದರೆ ಕಾಳು ಕಪ್ಪಗೆ ಹೊಳೆಯುತ್ತದೆ. ನಮ್ಮ ಮನೆಗೆ ಇದನ್ನು ಕಲಿಸಿದವರು ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಮೊನ್ನೆ ನೀರು ಕಾಯುವ ಪಾತ್ರೆಗೆ ಮುಚ್ಚಲು ನನ್ನ ಹೆಂಡತಿ ಅಟ್ಟದಿಂದ ಒಂದು ಸ್ಟೀಲ್ ಮುಚ್ಚಳ ಇಳಿಸಿದಳು. "ಇದ್ರ ಮೇಲೆ ಯಾರ್ದೋ ಹೆಸರೈತಲ್ರೀ, ಯಾರ್ದಿದು?" ಎಂದಳು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆ ಹೆಸರು ಓದಲು ಅಷ್ಟು ಓದೂ ಬೇಕಿರಲಿಲ್ಲ. ಅತ್ತಿಗೆಯ ಅಪ್ಪನ ಹೆಸರು...

ಅತ್ತಿಗೆ ಯಸಳೂರು ಕಡೆಯವರು. ಮದುವೆಯಾದ ಮರುವರ್ಷ ತವರಿನಿಂದ ಮೆಣಸಿನ ಬಳ್ಳಿ ತಂದು, ಹಳ್ಳದ ಪಕ್ಕದ ತುಂಡು ತೋಟದಲ್ಲಿ ಸಿಲ್ವರ್ ಓಕ್ ಮರಗಳ ಬುಡಕ್ಕೆ ನೆಟ್ಟರು. ಗುಂಡಿ ತೋಡಿದವನು ನಾನು. ಬಳ್ಳಿ ಜಾರದಂತೆ ಹಳೇ ಸೀರೆ ಹರಿದು ಮರಕ್ಕೆ ಕಟ್ಟುತ್ತಿದ್ದರು. "ಅಷ್ಟು ಬಿಗೀಬೇಡ ಮಾರಾಯ, ಅದೇನ್ ಓಡೋಗ್ತದಾ?" ಎಂದು ನಗುತ್ತಿದ್ದರು.

ಅಣ್ಣ ಆಗ ರಸ್ತೆಯಲ್ಲಿ ಜೀಪಿನೊಳಗೆ ಕೂತು ಹಾರ್ನ್ ಹೊಡೆಯುತ್ತಿದ್ದ. ತೋಟದ ಯಜಮಾನನಾಗಿ ಅವನಿಗೆ ಬರುತ್ತಿದ್ದ ಕೆಲಸ ಅದೊಂದೇ. ಕೊನೆಗೆ ಹಾಸನದಲ್ಲಿ ಇನ್ನೊಂದು ಸಂಸಾರ ಹೂಡಿ, ಡೈವೋರ್ಸ್ ಬೇಕೆಂದ. ಅತ್ತಿಗೆ ಒಪ್ಪಿದರು. ಬದುಕಿಕೊಳ್ಳಲು ಆ ತುಂಡು ತೋಟ ಕೊಡಿ ಎಂದರು, ಅಷ್ಟೇ. ತೋಟ ಗಂಡನ ಹೆಸರಲ್ಲಿದೆ, ಹೆಂಡತಿಗೆ ಅದರಲ್ಲಿ ಪಾಲು ಅಂತ ಬರುವುದಿಲ್ಲ, ಮನೆಯಲ್ಲೇ ಮಾತಾಡಿಕೊಂಡು ಬನ್ನಿ ಎಂದು ಲಾಯರು ಕಳಿಸಿದರು.

ಮಾತಾಡಲು ಬಂದವರನ್ನು ನೆನೆದರೆ ಈಗಲೂ ಉಗಿಯಬೇಕೆನಿಸುತ್ತದೆ. ದೊಡ್ಡ ಮನುಷ್ಯರು, ಬಿಳಿ ಪಂಚೆಯವರು, ಬಾಡೂಟ ಉಂಡು ಅಂಗಳದಲ್ಲಿ ಪಾತ್ರೆ ಹರವಿಸಿಕೊಂಡು ಕೂತರು. ತವರಿನ ಹೆಸರು ಕೆತ್ತಿಸಿದ್ದು ಅತ್ತಿಗೆಗೆ, ಉಳಿದದ್ದು ನಮಗೆ. ಕನ್ನಡಕ ಏರಿಸಿ ಲೋಟದ ತಳ, ಸೌಟಿನ ಹಿಡಿ ತಿರುಗಿಸಿ ತಿರುಗಿಸಿ ಓದಿದರು. ನಮ್ಮ ದೊಡ್ಡಪ್ಪನಂತೂ ಹೆಸರಿಲ್ಲದ ಚಮಚವೊಂದನ್ನು ನಮ್ಮ ಗುಡ್ಡೆಗೆ ಎಸೆದು, ಭಾರೀ ನ್ಯಾಯ ಮಾಡಿದವರಂತೆ ಮೀಸೆ ಒರೆಸಿಕೊಂಡರು. ಅಷ್ಟು ಹುಡುಕಿದವರ ಕಣ್ಣಿಗೆ ಈ ಮುಚ್ಚಳ ಬಿದ್ದಿರಲಿಲ್ಲ.

ಕಂಬಕ್ಕೆ ಒರಗಿ ನಿಂತಿದ್ದ ಅತ್ತಿಗೆ ಆಗ ಬಾಯಿಬಿಟ್ಟರು. "ಬಳ್ಳಿ ಮೇಲೆ ಹೆಸರು ಕೆತ್ಸಕ್ಕಾಗ್ಲಿಲ್ಲ ದೊಡ್ಡ ಮಾವ. ಅದೂ ನಮ್ಮಪ್ಪನ ಮನೇದೇ. ಯಾರು ನೆಟ್ಟಿದ್ದು ಅಂತ ನಿಮ್ಮ ಹುಡುಗನ್ನೇ ಕೇಳಿ."

ದೊಡ್ಡಪ್ಪ ನನ್ನತ್ತ ತಿರುಗಿದರು. "ಏನ್ಲಾ, ಯಾರ್ಲಾ ನೆಟ್ಟಿದ್ದು?"

ಅಪ್ಪ ಸತ್ತ ಮೇಲೆ ಎಲ್ಲವೂ ಅಣ್ಣನ ಹೆಸರಿಗೇ ಆಗಿತ್ತು. ಆ ತುಂಡನ್ನು ನನಗೆ ಬರೆದುಕೊಡುತ್ತೇನೆಂದು ಅವನು ಹಿಂದಿನ ದಿನವಷ್ಟೇ ಹೇಳಿದ್ದ.

"ಆಳುಗಳು ನೆಟ್ಟಿದ್ದು" ಎಂದೆ.

ಅತ್ತಿಗೆ ಅಳಲಿಲ್ಲ, ಬೈಯಲಿಲ್ಲ. ನನ್ನನ್ನು, ಅಣ್ಣನನ್ನು ಒಮ್ಮೆ ನೋಡಿದರು. "ಓ... ನಿಂಗೆ ಕೊಡ್ತೀನಿ ಅಂದವ್ನಾ? ಇಟ್ಕಳಪ್ಪ" ಎಂದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದರು.

ಆ ತುಂಡು ನನ್ನ ಹೆಸರಿಗಾಯಿತು. ಅತ್ತಿಗೆ ಆಮೇಲೆ ಸಕಲೇಶಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಬಟ್ಟೆ ಹೊಲಿಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕಂಡಾಗೆಲ್ಲ ನಾನು ಯಾವುದಾದರೂ ಅಂಗಡಿಯ ಮರೆಗೆ ಸರಿದಿದ್ದೇನೆ. ಹೋದ ಮಳೆಗಾಲ ತೀರಿಕೊಂಡರಂತೆ. ಮಣ್ಣಾದ ಮೇಲೆ ಸುದ್ದಿ ಬಂತು. ಮೊದಲೇ ಬಂದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ... ಅಣ್ಣನನ್ನು ಊರೆಲ್ಲ ಬೈಯುತ್ತದೆ. ನನ್ನನ್ನು, ಪಾಪ, ಕಷ್ಟಪಟ್ಟು ಮೆಣಸು ಮಾಡಿದ ಅನ್ನುತ್ತದೆ.

"ಯಾರ್ದೂಂತ ಕೇಳ್ದೆ" ಎಂದಳು ಹೆಂಡತಿ, ಮುಚ್ಚಳ ಹಿಡಿದುಕೊಂಡೇ.

"ಬಳ್ಳಿ ನೆಟ್ಟೋರ್ದು."

"ನೀವೇ ನೆಟ್ಟಿದ್ದು ಅಂತಿದ್ರಿ?"

"ಇಲ್ಲ ಕಣೇ. ಗುಂಡಿ ತೋಡಿದ್ದಷ್ಟೇ ನಾನು."

ಅವತ್ತು ಅಂಗಳದಲ್ಲಿ ಇಷ್ಟು ಹೇಳಿದ್ದರೆ ಸಾಕಿತ್ತು. ಈಗ ಕೇಳಿಸಿಕೊಳ್ಳಬೇಕಾದವರೇ ಇಲ್ಲ. ಹೆಂಡತಿ ಒಂದು ಗಳಿಗೆ ನನ್ನ ಮುಖ ನೋಡಿ, ಮುಚ್ಚಳವನ್ನು ಸೆರಗಿನಲ್ಲಿ ಒರೆಸಿ, ಪಾತ್ರೆಗೆ ಮುಚ್ಚದೆ ಒಳಗೆ ತೆಗೆದುಕೊಂಡು ಹೋದಳು.