ಸುಲ್ತಾನಾಳ ವಹಿಯ ಮೊದಲ ಸಾಲು

ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಸುಲ್ತಾನಾಳಿಗೆ ನಲವತ್ತಾರು ವರ್ಷ. ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ, ಈಗ ಮೂರನೇ ಸಲ ಪರೀಕ್ಷೆಗೆ ಕಟ್ಟಿದ್ದಾಳೆ. ಇಪ್ಪತ್ತೈದು ಬೀಡಿಯ ಒಂದು ಕಟ್ಟಿಗೆ ಒಂದು ಇಂಗ್ಲಿಷ್ ಮಾತು ಬಾಯಿಪಾಠವಾಗಬೇಕು, ಆಗದಿದ್ದರೆ ಆ ಕಟ್ಟಿಗೆ ದಾರ ಸುತ್ತಬಾರದು ಎಂಬುದು ಅವಳ ನೇಮ. ತೊಡೆಯ ಮೇಲೆ ತಂಬಾಕಿನ ಮೊರ, ಮೊಣಕಾಲ ಪಕ್ಕದಲ್ಲಿ ಮಾತು, ಅದರ ಮುಂದೆ ಅರ್ಥ ಬರೆದ ತೆರೆದ ವಹಿ. ಹೊಸ್ತಿಲು ದಾಟಿದ ಆಡಿಗೆ ‘ಗೆಟ್ ಔಟ್’, ಹಾಸಿಗೆ ಬಿಡದ ಗಂಡನಿಗೆ ‘ಗೆಟ್ ಅಪ್’, ಓಣಿಯ ಮಕ್ಕಳೆಲ್ಲ ‘ಕಿಡ್ಸ್’. “ಏನಬೇ, ಇವತ್ತ ಯಾವ ಇಂಗ್ಲಿಷ್ ಬೀಡಿ ಸುತ್ತಾಕತ್ತಿ?” ಎಂದು ಪಕ್ಕದ ಮನೆಯ ಸಕೀನಾಬಿ ಕೆಣಕಿದರೆ, ಕೈ ನಿಲ್ಲಿಸದೆ ಹೇಳುತ್ತಾಳೆ: “‘ಲುಕ್ ಆಫ್ಟರ್’ ಆಪಾ. ಲುಕ್ ಅಂದ್ರ ನೋಡೂದು. ಬೆನ್ನಿಗೆ ಆಫ್ಟರ್ ಬಂತಂದ್ರ ಜೋಪಾನ ಮಾಡೂದು. ಒಂಟಿ ಇದ್ದಾಗ ಒಂದ, ಲಗ್ನಾದ ಮ್ಯಾಗ ಇನ್ನೊಂದ, ನಮ್ಮಂಗ.” ವಹಿಯ ಮಾತುಗಳೆಲ್ಲ ಪುಸ್ತಕದಿಂದ ಬಂದವು, ಮೊದಲ ಸಾಲಿನದೊಂದನ್ನು ಬಿಟ್ಟು. ಮೊದಲ ಸಲ ಪರೀಕ್ಷೆಗೆ ಕಟ್ಟುವಾಗ ಬೇಕಾದ ದಾಖಲೆ ಕೇಳಲು ಹಳೆಯ ಶಾಲೆಗೆ ಹೋದಾಗ, ಏಳನೇ ತರಗತಿಯ ರಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಡ್ರಾಪ್ ಔಟ್’ ಎಂದಿತ್ತು. “ಸಾಲಿ ಬಿಟ್ಟಾಕಿ ಅಂತ” ಎಂದು ಕಾರಕೂನ ಅರ್ಥ ಹೇಳಿದ. “ನಾ ಎಲ್ಲಿ ಬಿಟ್ಟೇನ್ರಿ? ಪಾಟೀಚೀಲ ಹಾಕ್ಕೊಂಡ ಸಾಲಿಗೆ ಹೊಂಟಾಕಿನ್ನ ಮನ್ಯಾಗ ಕರದು ಬೀಡಿ ಮೊರಾ ಕೊಟ್ರು” ಎಂದಳು. ಅಂದೇ ಹೊಸ ವಹಿ ತಂದು ‘ಡ್ರಾಪ್ ಔಟ್’ ಎಂಬುದನ್ನೇ ಮೊದಲು ಬರೆದಳು. ಅದರ ಮುಂದೆ ಮಾತ್ರ ಅರ್ಥ ಬರೆದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, “ಪಾಸಾದ ದಿನ ಆ ಸಾಲ ಹೊಡದ ಹಾಕಾಕಿ ನಾ. ಅರ್ಥ ಯಾಕ ಬರೀಲಿ?” ಎನ್ನುತ್ತಾ ಕಟ್ಟಿಗೆ ದಾರ ಸುತ್ತುತ್ತಾಳೆ.