ಮಾಗೋಡಿನ ಬಸ್ಸು, ಲ್ಯಾಬಿನ ಬಾಗಿಲು

ಹೆಗ್ಗರಣೆ ಕಡೆಯ ಕೆರಿಯ ನಾಯ್ಕರ ಮಗಳು ಸೌಮ್ಯ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಐದು ವರ್ಷ ಶಿರಸಿಯಲ್ಲಿ ನರ್ಸ್ ಆಗಿದ್ದವಳು. ಇಂಜೆಕ್ಷನ್ ಕೊಡುವುದಕ್ಕಿಂತ ಹೆಚ್ಚು ಹೊತ್ತು ಔಷಧಿಯ ಕಪಾಟಿನ ಬೀಗದ ಕೈ ಹುಡುಕುವುದಕ್ಕೇ ಹೋಗುತ್ತದೆ ಎನ್ನುವುದನ್ನು ದಿನವೂ ನೋಡಿ ನೋಡಿ ಅವಳಿಗೆ ರೋಸಿಹೋಗಿತ್ತು. ಆ ಸಿಟ್ಟಿಗೇ ಕೆಲಸ ಬಿಟ್ಟು ಮೈಸೂರಿಗೆ ಹೋಗಿ ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದಳು.

“ನರ್ಸ್ ಆದವ್ಳಿಗೆ ಮತ್ತೆಂತ ಓದೂದು ಮಗಾ?” ಎಂದಿದ್ದರು ಅಪ್ಪ.

“ಆಸ್ಪತ್ರೆ ನಡೆಸೂದು ಹೆಂಗೆ ಅಂತ.”

“ಡಾಕ್ಟ್ರು ಇಲ್ವನೇ ಅದ್ಕೆ?”

ಎರಡು ವರ್ಷದಲ್ಲಿ ಅವಳು ಬಹಳ ಕಲಿತಳು. ಆದರೆ ಮನಸ್ಸಿಗೆ ನಾಟಿದ್ದು ಒಂದೇ ಪಾಠ. ಮೇಷ್ಟ್ರು ವಿದ್ಯಾರ್ಥಿಗಳ ಕೈಗೆ ಗಡಿಯಾರ ಕೊಟ್ಟು ದೊಡ್ಡಾಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿದ್ದರು. ಒಬ್ಬ ರೋಗಿಯ ಬೆನ್ನು ಹತ್ತಿ ಸಂಜೆಯವರೆಗೆ ಅವನು ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಕಾದ ಎಂದು ಬರೆಯಬೇಕು, ಅಷ್ಟೇ. “ಆಸ್ಪತ್ರೆಯ ರೋಗ ಗೊತ್ತಾಗೋದು ಕಾಯೋ ಬೆಂಚಿನ ಮೇಲೆ” ಎಂದಿದ್ದರು ಅವರು.

೨೦೦೩ರಲ್ಲಿ ಯಲ್ಲಾಪುರದ ಒಂದು ಟ್ರಸ್ಟ್ ಆಸ್ಪತ್ರೆ ಅವಳನ್ನು ಆಡಳಿತಾಧಿಕಾರಿ ಎಂದು ಕರೆಸಿಕೊಂಡಿತು. ಮೂವತ್ತು ಹಾಸಿಗೆಯ ಆಸ್ಪತ್ರೆ. ಅಧ್ಯಕ್ಷರು ತಿಮ್ಮಣ್ಣ ಭಟ್ಟರು, ಸ್ವಂತ ಜಾಗವನ್ನೇ ಆಸ್ಪತ್ರೆಗೆ ಬರೆದುಕೊಟ್ಟ ದೊಡ್ಡ ಮನಸ್ಸಿನವರು. ಮೊದಲ ದಿನವೇ ಬಾಯ್ತುಂಬ ನಕ್ಕು, “ನೀನು ಬಂದದ್ದು ಒಳ್ಳೇದಾಯ್ತು ತಂಗಿ. ಬರೋ ವಾರ ಮಂತ್ರಿಗಳು ಬರ್ತಾರೆ. ಹಾರ, ಶಾಲು, ಊಟ ಎಲ್ಲ ನಿಂದೇ ಜವಾಬ್ದಾರಿ” ಎಂದರು.

ಹಾರ ಶಾಲುಗಳಾದ ಮೇಲೆ ಸೌಮ್ಯ ತನ್ನ ಗಡಿಯಾರ ಹಿಡಿದು ಕಾಯುವ ಬೆಂಚಿನ ಬಳಿ ನಿಂತಳು. ನಲವತ್ತು ದಿನ ಬಿಡದೆ ನಿಂತಳು. ಕಂಡದ್ದು ಇಷ್ಟು: ಮಾಗೋಡು ಕಡೆಯ ಬಸುರಿಯರು ಬೆಳಗಿನ ಬಸ್ಸಿಗೆ ಎಂಟಕ್ಕೆ ಬಂದು ಕೂರುತ್ತಾರೆ. ಡಾಕ್ಟರು ಬರುವುದು ಹತ್ತಕ್ಕೆ, ಲ್ಯಾಬು ತೆರೆಯುವುದೂ ಆಗಲೇ. ಅವರು ಚೀಟಿ ಬರೆದ ಮೇಲೆ ಲ್ಯಾಬಿನಲ್ಲಿ ರಕ್ತ ಕೊಡಬೇಕು. ರಿಪೋರ್ಟು ಸಿಗುವುದು ಮೂರು ಗಂಟೆಗೆ. ವಾಪಸು ಬಸ್ಸು ಒಂದೂಕಾಲಿಗೆ. ಅದು ತಪ್ಪಿದರೆ ಸಂಜೆಯದ್ದೇ ಗತಿ, ಇಳಿದ ಮೇಲೆ ಕತ್ತಲಲ್ಲಿ ಕಾಡುದಾರಿ. ಹಾಗಾಗಿ ರಕ್ತ ಕೊಟ್ಟವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ರಿಪೋರ್ಟು ನೋಡದೆಯೇ ಹೊರಟುಬಿಡುತ್ತಿದ್ದರು. ಅವರ ರಿಪೋರ್ಟುಗಳು ಲ್ಯಾಬಿನ ಕಿಟಕಿಯ ಮೇಲೆ ಧೂಳು ತಿನ್ನುತ್ತಿದ್ದವು.

ಪರಿಹಾರ ಸುಲಭವಿತ್ತು. ಬಸುರಿಯರಿಗೆ ಯಾವ ಪರೀಕ್ಷೆ ಎನ್ನುವುದು ಮೊದಲೇ ಗೊತ್ತು. ಲ್ಯಾಬು ಎಂಟಕ್ಕೇ ತೆರೆದು ರಕ್ತ ತೆಗೆದರೆ ಮಧ್ಯಾಹ್ನದೊಳಗೆ ಡಾಕ್ಟರ ಕೈಗೆ ರಿಪೋರ್ಟು ಸೇರುತ್ತದೆ. ಅವಳು ಇದನ್ನೆಲ್ಲ ಎರಡು ಪುಟದಲ್ಲಿ ಬರೆದು ಸಭೆಯ ಮುಂದಿಟ್ಟಳು.

ಲ್ಯಾಬಿನವನು ಕಿಶೋರ, ಭಟ್ಟರ ತಂಗಿಯ ಮಗ. ಭಟ್ಟರು ಸಭೆಯಲ್ಲೇ ಅವನತ್ತ ತಿರುಗಿ ಮನೆಮಾತಿನಲ್ಲಿ ಕೇಳಿದರು: “ಎಂತದೋ, ಎಂಟು ಗಂಟೆಗೆ ಬಪ್ಪಲೆ ಆಗ್ತನಾ?”

“ಎಂಗೆ ಬಪ್ಪಲೆ ಆಗ್ತಿಲ್ಲೆ ಮಾವ.”

ಅಳಿಯನಿಗೆ ಎಂಟಕ್ಕೆ ಬರಲಾಗುವುದಿಲ್ಲ ಎಂದ ಮೇಲೆ ಅಲ್ಲಿಗೆ ಮುಗಿಯಿತು. ಭಟ್ಟರು ಕಾಗದವನ್ನು ಮಡಚಿ ಅವಳ ಕೈಗೇ ಕೊಟ್ಟರು. “ಪುಸ್ತಕದಲ್ಲಿ ಹೀಗೆಲ್ಲ ಇರ್ತದೆ ತಂಗಿ. ನಮ್ಮೂರಿಗೆ ಅದೆಲ್ಲ ಹೊಂದೂದಿಲ್ಲ.”

ಪುಸ್ತಕದಲ್ಲಿ ಮಾಗೋಡಿನ ಬಸ್ಸಿನ ಸಮಯ ಎಲ್ಲಿತ್ತು? ಸೌಮ್ಯ ಆ ಎರಡು ಪುಟವನ್ನು ತನ್ನ ಫೈಲಿಗೆ ಸೇರಿಸಿದಳು.

ಸುಮ್ಮನಂತೂ ಕೂರಲಿಲ್ಲ. ಯಾರೂ ಒಯ್ಯದ ರಿಪೋರ್ಟುಗಳನ್ನು ವಾರಕ್ಕೊಮ್ಮೆ ತಾನೇ ತೆಗೆದು ನೋಡುವ ರೂಢಿ ಮಾಡಿಕೊಂಡಳು. ಮರುವರ್ಷದ ಜನವರಿಯಲ್ಲಿ ಒಂದು ಹೆಸರು ಎರಡು ಸಲ ಸಿಕ್ಕಿತು. ದ್ಯಾವಮ್ಮ, ವಯಸ್ಸು ಇಪ್ಪತ್ತೆರಡು, ಏಳು ತಿಂಗಳು. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಮೊದಲ ಸಲ ಏಳು, ಎರಡನೆಯ ಸಲ ಐದೂವರೆ. ಅದಾಗಿ ಹನ್ನೆರಡು ದಿನವಾಗಿತ್ತು. ದ್ಯಾವಮ್ಮ ಮತ್ತೆ ಬಂದಿರಲಿಲ್ಲ.

ಡಾಕ್ಟರಿಗೆ ತೋರಿಸಿ, ಅವರು “ತಕ್ಷಣ ಕರೆಸಿ” ಎಂದದ್ದೇ ತಡ, ಸೌಮ್ಯ ಮಾಗೋಡಿನ ಬಸ್ಸು ಹತ್ತಿದಳು. ಕೇಳಿಕೊಂಡು ಕೇಳಿಕೊಂಡು ಮನೆ ಮುಟ್ಟಿದಾಗ ದ್ಯಾವಮ್ಮ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ತುಟಿ ಬಿಳಿಚಿಕೊಂಡಿತ್ತು, ನಾಲ್ಕು ಮಾತಾಡುವಷ್ಟರಲ್ಲಿ ಏದುಸಿರು.

“ಯಾಕೆ ಬರ್ಲಿಲ್ಲ ದ್ಯಾವಮ್ಮ?”

“ಎರಡು ಸಲ ಬಂದೆ ಅಕ್ಕೋರೆ. ರಿಪೋಟು ಮೂರಕ್ಕೆ ಅಂದ್ರು. ಬಸ್ಸು ಹೋಗ್ತದಲ್ಲ, ಏನ್ ಮಾಡೂದು? ಕಡೀಗೆ ಇವ್ರೇ ಅಂದ್ರು, ಮನೇಲೇ ಇರು ಅಂತ.”

ಗಂಡ ಮಡಿವಾಳಪ್ಪ ತಲೆ ತಗ್ಗಿಸಿ ನಿಂತಿದ್ದ. ಸೌಮ್ಯ ಅವನನ್ನು ಬೈಯಲಿಲ್ಲ. ಜೀಪು ತರಿಸಿ ಇಬ್ಬರನ್ನೂ ಕರೆದುಕೊಂಡು, ರಕ್ತ ಕೊಡುವ ಸೌಕರ್ಯವಿದ್ದ ಹುಬ್ಬಳ್ಳಿಗೆ ನೇರ ಹೋದಳು. ಮೂರು ಬಾಟಲಿ ರಕ್ತ ಕೊಟ್ಟರು. ದ್ಯಾವಮ್ಮ ಉಳಿದಳು. ಮಾರ್ಚಿನಲ್ಲಿ ಹೆಣ್ಣು ಮಗುವಾಯಿತು, ತೂಕ ಕಮ್ಮಿ, ಅಳುವುದೇನೋ ಜೋರಾಗಿಯೇ ಇತ್ತು.

ಹುಬ್ಬಳ್ಳಿಯಿಂದ ಬಂದ ಮರುದಿನ ಅವಳ ಮೇಜಿನ ಮೇಲೆ ಟ್ರಸ್ಟಿನ ಪತ್ರ ಕಾದಿತ್ತು: ಅಧ್ಯಕ್ಷರ ಅನುಮತಿಯಿಲ್ಲದೆ ಎರಡು ದಿನ ಕೆಲಸದ ಸ್ಥಳ ಬಿಟ್ಟು ಹೋದದ್ದಕ್ಕೆ ಕಾರಣ ಕೊಡಬೇಕು. ಸೌಮ್ಯ ಆ ಪತ್ರ ಓದಿ, ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಉತ್ತರ ಬರೆದಳು. ಕಾರಣದ ಜಾಗದಲ್ಲಿ ದ್ಯಾವಮ್ಮನ ಎರಡು ರಿಪೋರ್ಟು, ಬಸ್ಸಿನ ವೇಳಾಪಟ್ಟಿ, ತನ್ನ ಹಳೆಯ ಎರಡು ಪುಟ ಲಗತ್ತಿಸಿದಳು. ಭಟ್ಟರು ಅದನ್ನು ಓದಿದರೋ ಇಲ್ಲವೋ, “ಆಗ್ಲಿ, ಇನ್ನು ಮುಂದೆ ಹೇಳಿ ಹೋಗು ತಂಗಿ” ಎಂದಷ್ಟೇ ಹೇಳಿ ಕಳಿಸಿದರು. ಲ್ಯಾಬು ಮೊದಲಿನಂತೆ ಹತ್ತಕ್ಕೇ ತೆರೆಯಿತು.

ಆ ವರ್ಷದ ವಾರ್ಷಿಕೋತ್ಸವಕ್ಕೆ ಧಾರವಾಡದಿಂದ ನಿವೃತ್ತ ಡಾಕ್ಟರೊಬ್ಬರು ಅತಿಥಿಯಾಗಿ ಬಂದಿದ್ದರು. ಕಾಫಿ ಕುಡಿಯುತ್ತ ಆಸ್ಪತ್ರೆಯನ್ನೊಂದು ಸುತ್ತು ಹಾಕಿ, “ಅಲ್ರೀ ಭಟ್ರ, ಮಂದಿ ಎಂಟಕ್ಕ ಬರ್ತಾರ, ಲ್ಯಾಬ್ ಯಾಕ ಹತ್ತಕ್ಕ? ಮುಂಜಾನೆನ ತೆರೀರಲ್ಲ” ಎಂದರು. ಹದಿನೈದು ನಿಮಿಷವೂ ಅವರು ಅಲ್ಲಿ ನಿಂತಿರಲಿಲ್ಲ.

“ಎಂಥಾ ದೃಷ್ಟಿ ಸಾರ್ ನಿಮ್ದು!” ಎಂದು ಭಟ್ಟರು ಕೈಮುಗಿದರು. ಮುಂದಿನ ಸೋಮವಾರದಿಂದ ಕಿಶೋರ ಎಂಟಕ್ಕೇ ಬರತೊಡಗಿದ. ವಾರ್ಷಿಕ ವರದಿಯಲ್ಲಿ ಆ ಡಾಕ್ಟರ ಹೆಸರಿನ ಮುಂದೆ ‘ಮಾರ್ಗದರ್ಶಕರು’ ಎಂದು ಅಚ್ಚಾಯಿತು. ಆ ವರದಿಯ ಕರಡು ತಿದ್ದಿದವಳೂ ಸೌಮ್ಯಳೇ.

ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದಳು. ಕೆರಿಯ ನಾಯ್ಕರು ಬಹಳ ಹೊತ್ತು ಕೇಳಿಸಿಕೊಂಡು, “ಹೆಂಗೂ ಬಾಗ್ಲು ತೆಗೀತಲ್ಲ ಮಗಾ” ಎಂದರು.

“ಅದ್ನ ನಾನೇ ಹೇಳಿದ್ದೆ ಅಪ್ಪಾ. ನಲವತ್ತು ದಿನ ನಿಂತು ನೋಡಿ ಹೇಳಿದ್ದೆ.”

ಸೌಮ್ಯ ಮತ್ತೂ ಎರಡು ವರ್ಷ ಅಲ್ಲೇ ದುಡಿದಳು. ೨೦೦೬ರಲ್ಲಿ ರಾಜೀನಾಮೆ ಕೊಟ್ಟಾಗ ಭಟ್ಟರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಇಲ್ಲಿ ನಿಂಗೆ ಎಂತ ಕಮ್ಮಿ ಆಗಿತ್ತು ತಂಗಿ?” ಎಂದು ಅವರು ಎರಡೆರಡು ಸಲ ಕೇಳಿದರು.